ಯಾರ ಕೈಗೆ, ಎಲ್ಲಿಯವರೆಗೆ?

ಮಂಗಳೂರು

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದಗಳು.

ನೀನು ದೆಹಲಿಯಲ್ಲಿ ಸಂಸದರೊಬ್ಬರ ಕಚೇರಿ ಸೇರಿದ್ದನ್ನೂ, ಕಾನೂನು ಮತ್ತು ನ್ಯಾಯದ ವಿಷಯಗಳನ್ನು ನಿನಗೆ ವಹಿಸಿದ್ದನ್ನೂ ನಿನ್ನೆ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಸಂತೋಷಕ್ಕೆ ರಾತ್ರಿ ನಿದ್ದೆ ಹತ್ತಲಿಲ್ಲ. ನಲವತ್ತು ವರ್ಷ ಕರಿಕೋಟು ಹಾಕಿ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದವನು ನಾನು. ಕಾನೂನು ಬಂದು ಜನರ ಮೇಲೆ ಬೀಳುವ ಜಾಗ ನನಗೆ ಗೊತ್ತು. ಅದು ಹುಟ್ಟುವ ಜಾಗದಲ್ಲಿ ಈಗ ನೀನಿದ್ದೀಯ.

ಮಸೂದೆ ಓದುವುದು ಹೇಗೆ ಎಂದು ಮಾವನನ್ನು ಕೇಳಬೇಕು ಅಂದೆಯಂತೆ. ನನಗೆ ಗೊತ್ತಿರುವುದು ಇಷ್ಟೇ ಮಗಳೇ: ಆ ಮಸೂದೆ ಅಧಿಕಾರವನ್ನು ಯಾರ ಕೈಗೆ ಕೊಡುತ್ತದೆ, ಎಲ್ಲಿಯವರೆಗೆ ಕೊಡುತ್ತದೆ, ಪಡೆದವರು ಯಾರಿಗೆ ಲೆಕ್ಕ ಒಪ್ಪಿಸಬೇಕು, ಇದನ್ನು ಹುಡುಕು. ಉದ್ದೇಶ ಎಷ್ಟೇ ಚೆನ್ನಾಗಿರಲಿ, ಈ ಮೂರಕ್ಕೆ ಉತ್ತರ ಸಿಗುವವರೆಗೆ ಕೆಳಗಿಡಬೇಡ.

ಇದನ್ನು ನಾನು ಕಲಿತದ್ದು ನಮ್ಮೂರಿನಲ್ಲೇ ಹುಟ್ಟಿದ ಒಬ್ಬರಿಂದ. ಹರಿ ವಿಷ್ಣು ಕಾಮತರು 1907ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ಐಸಿಎಸ್ ಹುದ್ದೆ ಬಿಟ್ಟು ಸುಭಾಷಚಂದ್ರ ಬೋಸರ ಜೊತೆ ಹೋದರು, ಆಮೇಲೆ ಸಂವಿಧಾನ ಸಭೆಗೆ ಬಂದರು. ತುರ್ತುಪರಿಸ್ಥಿತಿಯ ವಿಧಿಗಳು 1949ರ ಆಗಸ್ಟಿನಲ್ಲಿ ಸಭೆಯ ಮುಂದೆ ಬಂದಾಗ ಅವರು ಕೇಳಿದ್ದೂ ಇದನ್ನೇ. ಹಕ್ಕುಗಳಿಗಾಗಿ ಕೋರ್ಟಿಗೆ ಹೋಗುವ ದಾರಿಯನ್ನೇ ಮುಚ್ಚುವ ಅಧಿಕಾರವನ್ನು ಸರ್ಕಾರದ ಕೈಗೆ ಕೊಡುತ್ತಿದ್ದೀರಲ್ಲ, ಜರ್ಮನಿಯ ವೈಮಾರ್ ಸಂವಿಧಾನದಲ್ಲಿದ್ದ ಇಂಥದೇ ವಿಧಿ ಎಲ್ಲಿಗೆ ಮುಟ್ಟಿಸಿತು ನೋಡಿ ಎಂದು ಎಚ್ಚರಿಸಿದರು. ಸಭೆ ಒಪ್ಪಲಿಲ್ಲ. ಆ ದಿನವನ್ನು ದುಃಖದ, ನಾಚಿಕೆಯ ದಿನವೆಂದು ಕರೆದು ಕಾಮತರು ಕುಳಿತರು.

ಇಪ್ಪತ್ತಾರು ವರ್ಷಗಳ ಮೇಲೆ ಅವರು ಹೆದರಿದ್ದೇ ಆಯಿತು. ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಜೈಲು ಸೇರಿದವರಲ್ಲಿ ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರೂ ಇದ್ದರು. ಅವರು ನಮ್ಮ ಹೈಕೋರ್ಟಿನ ಬಾಗಿಲು ತಟ್ಟಿದರು. ದೇಶದ ಹಲವು ಹೈಕೋರ್ಟುಗಳು ಇಂಥ ಅರ್ಜಿಗಳನ್ನು ಕೇಳಬಹುದು ಎಂದವು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಆ ಬಾಗಿಲು ಮುಚ್ಚಿದೆ ಎಂದರು. ಎಚ್. ಆರ್. ಖನ್ನಾ ಒಬ್ಬರೇ ಭಿನ್ನವಾಗಿ ಬರೆದರು. ನಾನು ಆಗಿನ್ನೂ ಹೊಸ ವಕೀಲ. ಬಾರ್ ರೂಮಿನಲ್ಲಿ ಹಿರಿಯರು ತಗ್ಗಿದ ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದದ್ದು ಇಂದಿಗೂ ಕಿವಿಯಲ್ಲಿದೆ.

1977ರಲ್ಲಿ ಕಾಮತರು ಹೋಶಂಗಾಬಾದಿನಿಂದ ಮತ್ತೆ ಲೋಕಸಭೆಗೆ ಬಂದರು. ಮರುವರ್ಷ ಸಂಸತ್ತು ಸಂವಿಧಾನದ 44ನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. 'ಆಂತರಿಕ ಗಲಭೆ' ಎಂಬ ಸಡಿಲ ಪದದ ಜಾಗಕ್ಕೆ 'ಸಶಸ್ತ್ರ ಬಂಡಾಯ' ಬಂತು. ತುರ್ತುಪರಿಸ್ಥಿತಿ ಘೋಷಿಸಲು ಸಂಪುಟದ ಲಿಖಿತ ತೀರ್ಮಾನ ಬೇಕಾಯಿತು. ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಗಾಗಿ ಕೋರ್ಟಿಗೆ ಹೋಗುವ ದಾರಿಯನ್ನು ತುರ್ತುಪರಿಸ್ಥಿತಿಯಲ್ಲೂ ಮುಚ್ಚುವಂತಿಲ್ಲ ಎಂದಾಯಿತು. 1949ರಲ್ಲಿ ಸೋತ ಮಾತು 1978ರಲ್ಲಿ ಸಂಸತ್ತಿನಲ್ಲಿ ಗೆದ್ದಿತು.

ಇಲ್ಲಿಗೆ ಕಥೆ ಮುಗಿಯಿತು ಎಂದುಕೊಳ್ಳಬೇಡ. ಅದೇ ತಿದ್ದುಪಡಿಯ 3ನೇ ಕಲಮು ಮುಂಜಾಗ್ರತಾ ಬಂಧನದ್ದು. ಬಂಧನವನ್ನು ಪರಿಶೀಲಿಸುವ ಸಲಹಾ ಮಂಡಳಿಯ ಮುಂದೆ ಹೋಗದೆ ಒಬ್ಬನನ್ನು ಮೂರು ತಿಂಗಳು ಒಳಗಿಡಬಹುದಾದ ಜಾಗದಲ್ಲಿ ಎರಡೇ ತಿಂಗಳು ಎಂದು ಅದು ಹೇಳುತ್ತದೆ. ಮಂಡಳಿಯನ್ನು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಶಿಫಾರಸಿನಂತೆ ರಚಿಸಬೇಕು ಎನ್ನುತ್ತದೆ. ಎರಡೂ ಸದನಗಳು ಒಪ್ಪಿದವು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆದರೆ ಜಾರಿಯ ದಿನಾಂಕವನ್ನು ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸಬೇಕು ಎಂದು ಮೊದಲ ಪುಟದಲ್ಲೇ ಒಂದು ಸಾಲಿತ್ತು. ಉಳಿದ ಭಾಗಗಳು 1979ರಲ್ಲಿ ಜಾರಿಗೆ ಬಂದವು. ಈ 3ನೇ ಕಲಮಿಗೆ ಇವತ್ತಿನವರೆಗೂ ದಿನ ಗೊತ್ತಾಗಿಲ್ಲ. ಯಾವ ಪಕ್ಷದ ಸರ್ಕಾರವೂ ಅದನ್ನು ಮುಟ್ಟಲಿಲ್ಲ. ಅದನ್ನು ಜಾರಿಗೆ ತನ್ನಿ ಎಂದು ಸರ್ಕಾರಕ್ಕೆ ಆಜ್ಞೆ ಮಾಡಲು ತನ್ನಿಂದಾಗದು ಎಂದು ಸುಪ್ರೀಂ ಕೋರ್ಟ್ 1981ರಲ್ಲೇ ಹೇಳಿತು. ಅಂದ ಮೇಲೆ ಕೇಳಬೇಕಾದವರು ಸಂಸದರು. ಅವರ ಕೈಗೆ ಪ್ರಶ್ನೆ ಬರೆದುಕೊಡಬೇಕಾದವಳು ನೀನು.

ಇನ್ನೊಂದು ವಿಷಯ, ಇದು ನನ್ನ ಕಣ್ಣೆದುರು ನಡೆದದ್ದು. 1980ರ ದಶಕದ ಒಂದು ಮಳೆಗಾಲ. ಸಣ್ಣ ಕಳವಿನ ಕೇಸಿನಲ್ಲಿ ಒಬ್ಬ ಹುಡುಗನಿಗೆ ಜಾಮೀನು ಆಯಿತು. ಅವನ ತಾಯಿ ಬೀಡಿ ಕಟ್ಟುವವಳು. ಮರುದಿನವೂ ಅವಳು ಕೋರ್ಟಿನ ಜಗಲಿಯಲ್ಲಿ ಕೂತಿದ್ದಳು, ಅದರ ಮರುದಿನವೂ. ಜಾಮೀನು ನಿಲ್ಲಲು ಜನ ಬೇಕು, ಅವರ ಹೆಸರಿಗೆ ಪಹಣಿ ಬೇಕು. ಅವಳಿಗೆ ಆ ಕಾಗದ ಕೊಡುವವರು ಯಾರು? ಸೆರಗಿನ ಗಂಟು ಬಿಚ್ಚಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ರೇಷನ್ ಕಾರ್ಡ್ ತೆಗೆದು, "ಇದು ಸಾಕಾಗುದಿಲ್ವಾ ಧನಿಗಳೇ?" ಅಂದಳು. ನನ್ನ ಬಳಿ ಉತ್ತರವಿರಲಿಲ್ಲ. ಹುಡುಗ ಹೊರಗೆ ಬರುವ ಹೊತ್ತಿಗೆ ಹದಿನೆಂಟು ದಿನ ಕಳೆದಿತ್ತು. ಆದೇಶವೇನೋ ನಮ್ಮ ಪರವಾಗಿಯೇ ಇತ್ತು. ಜೈಲಿನ ಬೀಗ ಮಾತ್ರ ಯಾರದೋ ಪಹಣಿಗಾಗಿ ಕಾಯುತ್ತಿತ್ತು.

2022ರ ಸರ್ಕಾರಿ ಲೆಕ್ಕದಂತೆ ನಮ್ಮ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಓದು. ಹಿಂದೆಂದೂ ಶಿಕ್ಷೆಯಾಗದವನು ತನ್ನ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು ಎನ್ನುತ್ತದೆ. ಮರಣದಂಡನೆ ಇಲ್ಲವೇ ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೂ ಇದು ಸಿಗದು. ಕೋರ್ಟಿಗೆ ಅರ್ಜಿ ಹಾಕುವ ಹೊಣೆ ಜೈಲಿನ ಸೂಪರಿಂಟೆಂಡೆಂಟರದು. ಒಳ್ಳೆಯ ಕಲಮು. ಇಲ್ಲೂ ನಮ್ಮ ಅದೇ ಪ್ರಶ್ನೆ: ಕೆಲಸವನ್ನು ಯಾರ ಕೈಗೆ ಕೊಟ್ಟಿದ್ದಾರೆ ಎಂಬುದು ತಿಳಿಯಿತು, ಅವರು ಮಾಡದಿದ್ದರೆ ಕೇಳುವವರು ಯಾರು? ಜೈಲುವಾರು ಎಷ್ಟು ಅರ್ಜಿ ಹೋದವು, ಎಷ್ಟು ಜನ ಮನೆ ಸೇರಿದರು, ಬಿಡುಗಡೆಯ ಆದೇಶವಾಗಿಯೂ ಎಷ್ಟು ಜನ ಒಳಗೇ ಇದ್ದಾರೆ ಎಂದು ಕೇಳಿಸು.

ಪ್ರಶ್ನೆಯನ್ನು ಬಿಗಿಯಾಗಿ ಬರೆ. ಲೋಕಸಭೆಯಲ್ಲಿ ದಿನಕ್ಕೆ ಇಪ್ಪತ್ತೇ ಚುಕ್ಕೆ ಗುರುತಿನ ಪ್ರಶ್ನೆಗಳು. ಸರದಿ ಬಂದರೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆ ಹಾಕಬಹುದು. "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂದರೆ ಕಡತ ಮುಚ್ಚಬೇಡ. ಅದು ಸದನಕ್ಕೆ ಕೊಟ್ಟ ಭರವಸೆ. ಮೂರು ತಿಂಗಳೊಳಗೆ ನೆರವೇರಬೇಕು. ನೆರವೇರಿತೇ ಎಂದು ನೋಡಲೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ದಿನಾಂಕ ಗುರುತು ಹಾಕಿಟ್ಟುಕೋ.

ಹೆಚ್ಚಿನ ಸಲ ಸೋಲುತ್ತೀಯ. ತಿದ್ದುಪಡಿಗಳು ಧ್ವನಿಮತದಲ್ಲಿ ಬಿದ್ದುಹೋಗುತ್ತವೆ. ಆಗ ಕಾಮತರನ್ನು ನೆನೆದುಕೋ. ಮೊದಲ ಲೋಕಸಭಾ ಚುನಾವಣೆಯಲ್ಲಿ ಅವರು 174 ಮತಗಳಿಂದ ಸೋತರು. ಮತಪತ್ರಗಳಲ್ಲಿನ ತಪ್ಪು ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 1954ರಲ್ಲಿ ಆ ಚುನಾವಣೆಯನ್ನೇ ಅಸಿಂಧು ಮಾಡಿಸಿ, ಉಪಚುನಾವಣೆಯಲ್ಲಿ ಗೆದ್ದು ಬಂದರು. ಸದನದಲ್ಲಿ ಆಡಿದ ಮಾತು ನಡಾವಳಿಯಲ್ಲಿ ಉಳಿಯುತ್ತದೆ ಪುಟ್ಟಿ. ಮುಂದೆ ಯಾರೋ ಒಬ್ಬರು ಅದನ್ನು ತೆಗೆದು ಓದುತ್ತಾರೆ. ನಾನು ಕಾಮತರ ಮಾತನ್ನು ಓದಿದ್ದೂ ಹಾಗೆಯೇ.

ಊಟ ತಪ್ಪಿಸಬೇಡ, ಚಳಿಗೆ ಸ್ವೆಟರ್ ಹಾಕಿಕೋ. ಮೊದಲ ಪ್ರಶ್ನೆ ಬರೆದಾಗ ಒಂದು ಪ್ರತಿ ನನಗೂ ಕಳಿಸು. ಆ ರೇಷನ್ ಕಾರ್ಡಿನ ತಾಯಿಗೆ ಅಂದು ನಾನು ಹೇಳಲಾಗದ ಉತ್ತರವನ್ನು ಸದನದಲ್ಲಿ ಯಾರಾದರೂ ಹೇಳಲೇಬೇಕಾಗಿ ಬರುವುದನ್ನು ನಾನು ನೋಡಬೇಕು.

ನಿನ್ನ ಪ್ರೀತಿಯ
ಮಾವ