ನಾಲ್ಕು ರೂಪಾಯಿ ಬಡ್ಡಿಯ ಬಿರಿಯಾನಿ

ಮಗಾ, ನಿನ್ನ ಸಾಲದ ಮಾತು ಬಂದಾಗಲೆಲ್ಲ ನೀನು ಇಎಂಐ ಅಂತೀಯ, ಮಿನಿಮಮ್ ಡ್ಯೂ ಅಂತೀಯ, ವರ್ಷಕ್ಕೆ ಶೇಕಡ ಇಷ್ಟು ಅಂತೀಯ. ನಮ್ಮ ಮಧುಗಿರಿ ಕಡೆ ಬಡ್ಡಿಯನ್ನು ಹಾಗೆ ಅಳೆದವರಿಲ್ಲ. ನೂರಕ್ಕೆ ತಿಂಗಳಿಗೆ ಎಷ್ಟು ರೂಪಾಯಿ ಅಂತ ಕೇಳುತ್ತೇವೆ. ಒಂದು ರೂಪಾಯಿ ಬಡ್ಡಿ ಅಂದರೆ ಕೊಟ್ಟವನು ನೆಂಟ. ಎರಡು ರೂಪಾಯಿ ಅಂದರೆ ಊರವನು. ಮೂರು ಅಂದರೆ ಅವನ ಮನೆ ಮುಂದೆ ಹಾಯುವುದನ್ನೇ ತಪ್ಪಿಸುತ್ತಿದ್ದರು. ಆಮೇಲಿನದನ್ನು ಗಂಡಸರು ಮನೆಯಲ್ಲಿ ಹೇಳುತ್ತಲೇ ಇರಲಿಲ್ಲ.

ಈಗ ನಿನ್ನ ಕ್ರೆಡಿಟ್ ಕಾರ್ಡನ್ನು ಇದೇ ಅಳತೆಗೆ ತಂದು ನೋಡು. ಕಟ್ಟದೆ ಉಳಿಸಿದ ಬಾಕಿಗೆ ಬಹಳಷ್ಟು ಕಾರ್ಡುಗಳು ತಿಂಗಳಿಗೆ ಶೇ. 3.5ರ ಆಸುಪಾಸಿನಲ್ಲಿ ಬಡ್ಡಿ ಹಾಕುತ್ತವೆ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ. ಎರಡೂ ಸೇರಿದರೆ ನಾಲ್ಕು ರೂಪಾಯಿ ದಾಟಿತು. ಮಳೆ ಕೈಕೊಟ್ಟ ವರ್ಷಗಳಲ್ಲೂ ನಿಮ್ಮಪ್ಪ ಅಂಥ ಸಾಹುಕಾರನ ಬಾಗಿಲು ತುಳಿಯಲಿಲ್ಲ. ನೀನು ಅವನನ್ನು ಪರ್ಸಿನಲ್ಲೇ ಇಟ್ಟುಕೊಂಡು ಬಿರಿಯಾನಿ ಪಾರ್ಸೆಲ್ ತರಿಸುತ್ತೀಯ.

ಬಿರಿಯಾನಿ ತಿಂದಿದ್ದಕ್ಕೆ ಬೈಯುವವಳು ನಾನಲ್ಲ. ಊರ ಅರಳಿಕಟ್ಟೆಯ ಮೇಲೆ ಕೂತವರು ನಿಮ್ಮ ತಲೆಮಾರಿನ ಹುಡುಗರಿಗೆ ನಾಲಗೆಚಪಲ ಅಂತಾರೆ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತಾರೆ. (ಈಗ ಹಾಸಿಗೆಯೇ ಕಂತಿನ ಮೇಲೆ ಬರುತ್ತೆ ಅನ್ನೋದು ಅವರಿಗೆ ಗೊತ್ತಿಲ್ಲ.) ಅವರ ಮಾತಿನಲ್ಲಿ ಅರ್ಧ ಸರಿ. ವಸಂತನರಸಾಪುರದಲ್ಲೋ ದಾಬಸ್‌ಪೇಟೆಯಲ್ಲೋ ಶಿಫ್ಟು ಮುಗಿಸಿ ರಾತ್ರಿ ಒಂಬತ್ತಕ್ಕೆ ರೂಮಿಗೆ ಬರುವ ಹುಡುಗ ಪಾರ್ಸೆಲ್ ತರಿಸುವುದು ಚಪಲಕ್ಕಲ್ಲ, ಸುಸ್ತಿಗೆ. ಒಲೆ ಮುಂದೆ ನಿಲ್ಲುವ ತ್ರಾಣ ಇರುವುದಿಲ್ಲ. ಹಾಗಾಗಿ ಮನಸ್ಸು ಗಟ್ಟಿ ಮಾಡು ಅನ್ನುವ ಉಪದೇಶದಿಂದ ಏನೂ ಆಗುವುದಿಲ್ಲ. ಲೆಕ್ಕ ಹಾಕಬೇಕು, ಆಮೇಲೆ ಅಡುಗೆಗೆ ದಾರಿ ಮಾಡಬೇಕು.

ಲೆಕ್ಕ ಹೀಗೆ. ಕಾರ್ಡಿನ ಬಾಕಿ 60,000 ಅಂತ ಇಟ್ಟುಕೋ. ತಿಂಗಳಿಗೆ 3,000 ಕಟ್ಟುತ್ತೀಯ. ಮೊದಲ ತಿಂಗಳ ಬಡ್ಡಿ 2,100, ಅದರ ಜಿಎಸ್‌ಟಿ 378. ನೀನು ಕಟ್ಟಿದ ಮೂರು ಸಾವಿರದಲ್ಲಿ ಅಸಲಿಗೆ ಹೋಗಿದ್ದು 522 ರೂಪಾಯಿ. ಹೀಗೇ ಕಟ್ಟುತ್ತಾ ಹೋದರೆ ತೀರುವುದಕ್ಕೆ 43 ತಿಂಗಳ ಮೇಲಾಗುತ್ತೆ, ಒಟ್ಟು ಕೈಬಿಡುವ ದುಡ್ಡು ಸುಮಾರು 1,30,000. ಅದೇ ಸಾಲಕ್ಕೆ ತಿಂಗಳಿಗೆ 6,000 ಕಟ್ಟಿದರೆ ಹದಿಮೂರು ತಿಂಗಳು ದಾಟುತ್ತಿದ್ದಂತೆ ಮುಗಿಯುತ್ತೆ, ಒಟ್ಟು 79,000. ಕಟ್ಟುವುದು ಎರಡರಷ್ಟಾದರೆ ಕಾಲ ಅರ್ಧವಾಗುತ್ತೆ ಅಂತ ನೀನು ಅಂದುಕೊಂಡಿರುತ್ತೀಯ; ಅದು ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಯಿತು ನೋಡು. ಯಾಕೆಂದರೆ ಮೊದಲ ಮೂರು ಸಾವಿರವನ್ನು ಬಡ್ಡಿಯೇ ಹೆಚ್ಚುಕಡಿಮೆ ನುಂಗಿಬಿಟ್ಟಿತ್ತು, ಎರಡನೆಯ ಮೂರು ಸಾವಿರ ಪೂರ್ತಿ ಅಸಲಿನ ಮೇಲೆ ಬಿತ್ತು. ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಸಾಲ ವರ್ಷಗಟ್ಟಲೆ ಎಳೆಯುತ್ತೆ ಅನ್ನುವ ಎಚ್ಚರಿಕೆಯನ್ನು ಬಿಲ್ಲಿನಲ್ಲೇ ಹಾಕಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ನಿನ್ನ ಬಿಲ್ಲಿನಲ್ಲೂ ಇರುತ್ತೆ, ಹುಡುಕಿ ಓದು. ಪಾವಗಡದ ಶನಿಮಹಾತ್ಮನಿಗೆ ಎಳ್ಳುಬತ್ತಿ ಹಚ್ಚುವುದಕ್ಕೆ ಹೋಗುವ ಮೊದಲು ಓದು.

ಆ ಎರಡನೆಯ ಮೂರು ಸಾವಿರ ಎಲ್ಲಿಂದ ತರುವುದು? ವಾರಕ್ಕೆ ಮೂರು ಪಾರ್ಸೆಲ್, ಒಂದಕ್ಕೆ 250 ಅಂತ ಹಿಡಿದರೂ ತಿಂಗಳಿಗೆ 3,000. ಅದನ್ನು ಬಿಟ್ಟರೆ ಉಪವಾಸ ಇರುತ್ತೀಯಾ, ಇಲ್ಲ. ಮನೆ ಊಟಕ್ಕೂ ಖರ್ಚಿದೆ, ಏಳುನೂರು ಕಳೆದುಬಿಡು. ಉಳಿದದ್ದು 2,300. ಬೇಕರಿಯ ಸಂಜೆ ಪಫ್ಸು, ಸಿಗರೇಟು (ಸೇದುವುದಿಲ್ಲ ಅಂತ ನಿಮ್ಮಮ್ಮನ ಹತ್ತಿರ ಹೇಳು, ನನ್ನ ಹತ್ತಿರ ಬೇಡ), ನೋಡದೆ ಬಿದ್ದಿರುವ ಓಟಿಟಿ ಚಂದಾ, ಇವುಗಳಲ್ಲಿ ಇನ್ನು ಏಳುನೂರು ಸಿಗದೇ ಇರುವುದಿಲ್ಲ.

ಒಂದು ವಿಷಯ ಹುಡುಗರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಕಾರ್ಡಿನಲ್ಲಿ ಹಳೆ ಬಾಕಿ ಇರುವಾಗ ಹೊಸ ಖರ್ಚಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಇವತ್ತು ತರಿಸಿದ ಬಿರಿಯಾನಿಗೆ ಇವತ್ತಿನಿಂದಲೇ ಬಡ್ಡಿ ಓಡುತ್ತೆ. ಅದಕ್ಕೇ ಸಾಲ ತೀರುವ ತನಕ ಆ ಕಾರ್ಡಿನಲ್ಲಿ ಒಂದು ಬೆಂಕಿಪೊಟ್ಟಣವನ್ನೂ ಕೊಳ್ಳಬೇಡ. ಪಾರ್ಸೆಲ್ ತರಿಸುವ ಆ್ಯಪಿನಿಂದ ಕಾರ್ಡಿನ ನಂಬರು ತೆಗೆದುಹಾಕು. ತಿನ್ನಲೇಬೇಕು ಅನ್ನಿಸಿದ ದಿನ ಕೈಯಲ್ಲಿರುವ ನೋಟು ಕೊಟ್ಟು, ಹೋಟೆಲಿಗೇ ನಡೆದುಹೋಗಿ ತಿಂದು ಬಾ.

ಈಗ ನನ್ನ ಮುಖ್ಯ ಮಾತು. 2000ರಲ್ಲಿ ಸ್ತ್ರೀಶಕ್ತಿ ಸಂಘಗಳು ಶುರುವಾದಾಗ ನಮ್ಮೂರ ಅಂಗನವಾಡಿಯಲ್ಲಿ ಸೇರಿದ ಹೆಂಗಸರಲ್ಲಿ ಲೆಕ್ಕ ಬರೆಯಲು ಬರುತ್ತಿದ್ದದ್ದು ಕೆಲವರಿಗೇ, ಪುಸ್ತಕ ನನ್ನ ಕೈಗೆ ಬಂತು. ವಾರಕ್ಕೆ ಹತ್ತು ರೂಪಾಯಿ ಉಳಿತಾಯ. ಕಡ್ಲೆಕಾಯಿ ಕೀಳುವ ಕೂಲಿಗೆ ಹೋದವಳು ಎಲೆಅಡಿಕೆ ಬಿಟ್ಟು ಉಳಿಸುತ್ತಿದ್ದಳು, ಇನ್ನೊಬ್ಬಳು ಸಂತೆಯಲ್ಲಿ ಬಳೆ ಬಿಡುತ್ತಿದ್ದಳು. ಬಿಡುವುದು ಎಲ್ಲರಿಗೂ ಬರುತ್ತಿತ್ತು. ಆದರೆ ಬಿಟ್ಟ ದುಡ್ಡನ್ನು ಸೀರೆ ಸೆರಗಿನಲ್ಲಿ ಕಟ್ಟಿಕೊಂಡವಳ ದುಡ್ಡು ಮುಂದಿನ ಸಭೆಯ ತನಕ ಉಳಿಯುತ್ತಲೇ ಇರಲಿಲ್ಲ. ಗಂಡ ಕೇಳುತ್ತಿದ್ದ, ಮಗು ಅಳುತ್ತಿತ್ತು, ಯಾರೋ ನೆಂಟರು ಬರುತ್ತಿದ್ದರು. ಕೂಲಿ ಸಿಕ್ಕ ಸಂಜೆಯೇ ನನ್ನ ಮನೆಗೆ ಬಂದು, ಅಕ್ಕಾ ಬರೆದುಕೋ ಅಂತ ಕೊಟ್ಟು ಹೋದವಳ ದುಡ್ಡು ಮಾತ್ರ ಪುಸ್ತಕಕ್ಕೆ ಏರಿತು. ನೀನೂ ಹಾಗೇ ಮಾಡು. ಇವತ್ತು ರಾತ್ರಿ ಪಾರ್ಸೆಲ್ ಬಿಟ್ಟೆಯಾ, ಆ 250ನ್ನು ಅಲ್ಲೇ, ಹಸಿವು ಇನ್ನೂ ಹೊಟ್ಟೆಯಲ್ಲಿರುವಾಗಲೇ, ಕಾರ್ಡಿನ ಬಾಕಿಗೆ ಕಟ್ಟು. ಬಿಲ್ಲಿನ ದಿನಕ್ಕೆ ಕಾಯಬೇಕಾಗಿಲ್ಲ, ನಡುವೆ ಎಷ್ಟು ಸಲ ಬೇಕಾದರೂ ಕಟ್ಟಬಹುದು, ಕಟ್ಟಿದಷ್ಟಕ್ಕೆ ಬಡ್ಡಿ ನಿಲ್ಲುತ್ತೆ. ಫೋನಿನಲ್ಲಿ ಬಿರಿಯಾನಿ ತರಿಸುವಷ್ಟೇ ಹೊತ್ತು ಸಾಕು. ತಿಂಗಳ ಕೊನೆಗೆ ಉಳಿದದ್ದನ್ನು ಕಟ್ಟೋಣ ಅಂದವರಿಗೆ ತಿಂಗಳ ಕೊನೆಯಲ್ಲಿ ಏನೂ ಉಳಿದಿದ್ದನ್ನು ನಾನು ನೋಡಿಲ್ಲ.

ಅಡುಗೆಯ ವಿಷಯಕ್ಕೆ ಬರೋಣ, ಇದರಲ್ಲಿ ನನಗೆ ಹೆಚ್ಚು ಗೊತ್ತು. ರಾತ್ರಿ ಒಂಬತ್ತಕ್ಕೆ ಬಂದು ಸಾರು ಮಾಡುತ್ತೇನೆ ಅನ್ನಬೇಡ, ಮಾಡುವುದಿಲ್ಲ. ಶುಕ್ರವಾರ ರಾತ್ರಿ ಹುರುಳಿಕಾಳು ನೆನೆಹಾಕು, ಶನಿವಾರ ಬಟ್ಟೆಯಲ್ಲಿ ಕಟ್ಟಿಡು, ಭಾನುವಾರಕ್ಕೆ ಮೊಳಕೆ ಬಂದಿರುತ್ತೆ. ಕುಕ್ಕರಿನಲ್ಲಿ ಬೇಯಿಸಿ ಕಟ್ಟು ಬಸಿದುಕೋ. ಕಟ್ಟಿಗೆ ಹುಣಸೆಹಣ್ಣು, ಹುರಿದ ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು ಹಾಕಿದರೆ ಬಸ್ಸಾರು. ಬಸಿದ ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಬೇಯಿಸುವಿಕೆಯಲ್ಲಿ ಎರಡು ಪದಾರ್ಥ. ಬಸ್ಸಾರಿನ ರುಚಿ ಎರಡನೆಯ ದಿನಕ್ಕೆ ಏರುತ್ತೆ, ಫ್ರಿಜ್ಜಿದ್ದರೆ ಬುಧವಾರದ ತನಕ ಯೋಚನೆಯಿಲ್ಲ, ಇಲ್ಲದಿದ್ದರೆ ಬೆಳಿಗ್ಗೆ ಸಂಜೆ ಕುದಿಸಿಡು. ರಾತ್ರಿ ಬಂದವನು ಮುದ್ದೆ ತೊಳಸಿದರೆ ಮುಗಿಯಿತು, ಎಸರು ಇಡುವುದರಿಂದ ಹಿಡಿದು ಕಾಲು ಗಂಟೆ. ಬಿರಿಯಾನಿ ಹುಡುಗ ನಿನ್ನ ಬೀದಿ ಹುಡುಕಿಕೊಂಡು ಬರುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಬೆಳಿಗ್ಗೆಗೆ ಕಡ್ಲೆಕಾಯಿ ಚಟ್ನಿಪುಡಿ ಇದ್ದರೆ ಉಪ್ಪಿಟ್ಟಿಗೂ ಆಯಿತು, ರೊಟ್ಟಿಗೂ ಆಯಿತು. ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಇದ್ದ ದಿನ ಇಂದಿರಾ ಕ್ಯಾಂಟೀನಿನಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ. ಅಲ್ಲಿ ಸಾಲಿನಲ್ಲಿ ನಿಲ್ಲುವುದಕ್ಕೆ ನಾಚಿಕೊಳ್ಳುವವನು ನಾಲ್ಕು ರೂಪಾಯಿ ಬಡ್ಡಿ ಕಟ್ಟುವುದಕ್ಕೆ ನಾಚಿಕೊಳ್ಳುವುದಿಲ್ಲ, ಅದೊಂದು ನನಗೆ ಅರ್ಥವಾಗದ ವಿಷಯ.

ಎಲ್ಲವನ್ನೂ ಬಿಡಬೇಡ. ನಾಳೆಯಿಂದ ಟೀ ಇಲ್ಲ, ಸಿನಿಮಾ ಇಲ್ಲ, ಸ್ನೇಹಿತರಿಲ್ಲ ಅಂತ ವ್ರತ ಹಿಡಿದವರು ಮೂರನೆಯ ವಾರಕ್ಕೆ ಒಂದೇ ರಾತ್ರಿ ಎಲ್ಲವನ್ನೂ ಸೇರಿಸಿ ಖರ್ಚು ಮಾಡುತ್ತಾರೆ. ಸಂಘದಲ್ಲೂ ಕಂಡಿದ್ದೇನೆ, ಎಲೆಅಡಿಕೆಯನ್ನು ಪೂರ್ತಿ ಬಿಟ್ಟವಳಿಗಿಂತ ದಿನಕ್ಕೆ ಒಂದು ಇಟ್ಟುಕೊಂಡವಳೇ ಕೊನೆತನಕ ಕಟ್ಟಿದ್ದು. ನಿನಗೆ ಯಾವುದು ಇಲ್ಲದಿದ್ದರೆ ಬದುಕು ಸಪ್ಪೆ ಅನ್ನಿಸುತ್ತೋ ಅದನ್ನು ಇಟ್ಟುಕೋ. ಭಾನುವಾರ ಬೆಳಿಗ್ಗೆ ಸ್ನೇಹಿತರ ಜೊತೆ ತಟ್ಟೆ ಇಡ್ಲಿ ತಿನ್ನುವುದಾದರೆ ಅದೇ ಇರಲಿ.

ನಿಜ ಹೇಳಬೇಕೆಂದರೆ ಹೊಟ್ಟೆಗಿಂತ ಮರ್ಯಾದೆ ದುಬಾರಿ. ದಂಡಿನ ಮಾರಮ್ಮನ ಜಾತ್ರೆಗೆ ಮರಿ ಹೊಡೆಯಬೇಕು, ಬೆಂಗಳೂರಿನಿಂದ ಗೆಳೆಯರನ್ನು ಕರೆತಂದು ಉಣಿಸಬೇಕು, ಫ್ಲೆಕ್ಸಿಗೆ ಹೆಸರು ಹಾಕಿಸಬೇಕು. ಈ ಖರ್ಚು ಒಂದು ಸಲಕ್ಕೆ ಒಂದು ವರ್ಷದ ಪಾರ್ಸೆಲ್ಲುಗಳನ್ನು ಮೀರಿಸುತ್ತೆ. ಸಾಲ ಇರುವ ವರ್ಷ ಅಣ್ಣತಮ್ಮಂದಿರು ಸೇರಿ ಒಂದು ಮರಿಯಲ್ಲಿ ಪಾಲು ಹಾಕಿಕೊಂಡರೆ ಮಾರಮ್ಮ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಳ್ಳುವ ನೆಂಟರಿಗೆ, ನಮ್ಮ ದೊಡ್ಡಮ್ಮ ಬೇಡ ಅಂದಳು ಅಂತ ನನ್ನ ಹೆಸರು ಹೇಳು.

ಮನೆಯ ಬೇರೆಯವರ ದುಡ್ಡಿನ ಬಗ್ಗೆ ಸ್ವಲ್ಪ ಬಿಗಿಯಾಗೇ ಹೇಳುತ್ತೇನೆ. ನಿಮ್ಮಮ್ಮನಿಗೆ ಬರುವ ಗೃಹಲಕ್ಷ್ಮಿಯ ಎರಡು ಸಾವಿರ ನಿನ್ನ ಕಂತಿಗಲ್ಲ. ಅವಳ ಹೆಸರಿನಲ್ಲಿ ವಾರದ ಕಂತಿನ ಮೈಕ್ರೋಫೈನಾನ್ಸ್ ಸಂಘದ ಸಾಲ ಎತ್ತಿಸಿ ನಿನ್ನ ಕಾರ್ಡು ತೀರಿಸುವುದೂ ಬೇಡ. ಅಲ್ಲಿ ಒಬ್ಬಳು ತಪ್ಪಿದರೆ ಗುಂಪಿನ ಉಳಿದವರನ್ನು ಹಿಡಿದು ಕೇಳುತ್ತಾರೆ. ನಿನ್ನ ಬಿರಿಯಾನಿಗೆ ಪಕ್ಕದ ಮನೆಯವಳು ಉತ್ತರ ಕೊಡಬೇಕಾಗುತ್ತೆ. 2025ರ ಜನವರಿಯಲ್ಲಿ ಮೈಸೂರು, ಚಾಮರಾಜನಗರದ ಕಡೆ ಇಂಥ ಸಾಲದ ವಸೂಲಿಗೆ ಹೆದರಿ ಜನ ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟಿದ್ದನ್ನು ನೀನೂ ಓದಿರುತ್ತೀಯ. ಆಮೇಲೆ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು, ಕಿರುಕುಳ ಕೊಟ್ಟು ವಸೂಲಿ ಮಾಡಿದರೆ ಹತ್ತು ವರ್ಷದ ತನಕ ಜೈಲು, ಐದು ಲಕ್ಷದ ತನಕ ದಂಡ ಅಂತ ಮಾಡಿತು. ಕಾನೂನು ಬಂದಿದ್ದು ಒಳ್ಳೆಯದು. ಆದರೆ ಅದು ಬೆದರಿಸುವವನ ಕೈ ಕಟ್ಟುತ್ತೆ, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಯ ಸಾಲವನ್ನು ಅಳಿಸುವುದಿಲ್ಲ. ಮನೆಯಲ್ಲಿ ಈಗಾಗಲೇ ಅಂಥ ಸಾಲ ಇದ್ದರೆ ಎರಡು ವಿಷಯ ತಿಳಿದಿರಲಿ: ಮೈಕ್ರೋಫೈನಾನ್ಸ್ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ, ಮನೆಯ ಎಲ್ಲ ಸಾಲದ ಕಂತುಗಳು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರುವಂತೆ ಅವರು ಸಾಲ ಕೊಡುವಂತಿಲ್ಲ. 2022ರಿಂದ ಇರುವ ನಿಯಮ ಇದು. ನಿನ್ನ ಸಂಬಳಕ್ಕೂ ಆ ಅರ್ಧದ ಗೆರೆಯನ್ನೇ ಎಳೆದುಕೊಂಡರೆ ತಪ್ಪೇನಿಲ್ಲ.

ನಿಮ್ಮಪ್ಪ ಸೊಸೈಟಿಯಲ್ಲಿ ತೆಗೆದ ಬೆಳೆಸಾಲವನ್ನೂ ಮುಟ್ಟಬೇಡ. ಅದಕ್ಕೆ ಬಡ್ಡಿ ಇಲ್ಲ ನಿಜ, ಆದರೆ ಹೇಳಿದ ತಾರೀಖಿಗೆ ಕಟ್ಟಿದರೆ ಮಾತ್ರ. ನಿನ್ನ ಕಂತಿಗೆ ಅಂತ ಅವನ ಕಡ್ಲೆಕಾಯಿ ದುಡ್ಡು ಈಚೆಗೆ ಬಂದು ಆ ತಾರೀಖು ತಪ್ಪಿತೋ, ಶೂನ್ಯ ಬಡ್ಡಿಯ ಸಾಲ ಬಡ್ಡಿ ಸಾಲವಾಗುತ್ತೆ. ಪಾವಗಡದ ನಿನ್ನ ಗೆಳೆಯನಿಗೂ ಇದೇ ಮಾತು ಹೇಳು. ತಿರುಮಣಿಯ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟ ಮನೆ ಅವರದು. ಎಕರೆಗೆ ವರ್ಷಕ್ಕೆ 21,000 ಅಂತ ಶುರುವಾದ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರುತ್ತೆ. ಮಳೆ ಬಂದರೂ ಬಾರದಿದ್ದರೂ ಬರುವ ದುಡ್ಡು ನಮ್ಮ ಸೀಮೆಯಲ್ಲಿ ಹಿಂದೆ ಯಾರಿಗಿತ್ತು? ಅದು ಬಂದ ವಾರ ಮೊದಲು ಸಾಲದ ಕಡೆ ಹೋಗಲಿ, ಶೋರೂಮಿನ ಕಡೆ ಆಮೇಲೆ.

ನಿನ್ನದೇ ಒಡವೆ ಇದೆಯಲ್ಲ, ನಿಶ್ಚಿತಾರ್ಥದ ಉಂಗುರ, ಸರ. ಬ್ಯಾಂಕಿನ ಚಿನ್ನದ ಸಾಲ ಸಾಮಾನ್ಯವಾಗಿ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯ ಒಳಗೇ ಸಿಗುತ್ತೆ. ಅದನ್ನಿಟ್ಟು ನಾಲ್ಕು ರೂಪಾಯಿಯ ಸಾಲ ತೀರಿಸುವುದು ಬುದ್ಧಿವಂತಿಕೆ. ಆದರೆ ಕಾರ್ಡನ್ನು ಅವತ್ತೇ ಬ್ಯಾಂಕಿಗೆ ಬರೆದುಕೊಟ್ಟು ಮುಚ್ಚಿಸುವುದಾದರೆ ಮಾತ್ರ. ಇಲ್ಲದಿದ್ದರೆ ಆರು ತಿಂಗಳಲ್ಲಿ ಚಿನ್ನವೂ ಅಡವು, ಕಾರ್ಡೂ ಭರ್ತಿ.

ಇನ್ನು ಯಾವುದನ್ನು ಮೊದಲು ತೀರಿಸಬೇಕು ಅಂತ ಕೇಳಿದ್ದೆಯಲ್ಲ. ಒಂದು ಹಾಳೆಯಲ್ಲಿ ಎಲ್ಲ ಸಾಲ ಬರಿ, ಮೊತ್ತದ ಪಕ್ಕದಲ್ಲಿ ನೂರಕ್ಕೆ ಎಷ್ಟು ರೂಪಾಯಿ ಬಡ್ಡಿ ಅಂತ ಬರಿ. ಆ್ಯಪಿನಲ್ಲಿ ತೆಗೆದ ಸಾಲವನ್ನೂ ಬಿಡದೆ ಬರಿ, ಅದು ಕಾರ್ಡಿಗಿಂತ ಮೇಲೆ ಬಂದರೆ ಮೊದಲು ಅದು, ಆಮೇಲೆ ಕಾರ್ಡು. ಬೈಕಿನದು ಒಂದು ರೂಪಾಯಿ ಚಿಲ್ಲರೆ ಇರಬಹುದು, ಕಂತು ತಪ್ಪದಿದ್ದರೆ ಸಾಕು, ಅವಸರವಿಲ್ಲ. ಗೆಳೆಯನ ಕೈಸಾಲಕ್ಕೆ ಬಡ್ಡಿಯೇ ಇಲ್ಲ ಅಂತ ಹಾಳೆಯ ಕೆಳಗೆ ತಳ್ಳಿರುತ್ತೀಯ. ಅವನಿಗೆ ಈ ತಿಂಗಳೇ ಐನೂರು ಕೊಡು, ಉಳಿದದ್ದು ಯಾವಾಗ ಅಂತ ತಾರೀಖು ಹೇಳು. ಅವನ ಫೋನು ಬಂದಾಗ ನೀನು ಎತ್ತದೆ ಬಿಡುತ್ತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು.