ಸಣ್ಣ ಲೇಬಲ್, ಉದ್ದ ಬಾಳಿಕೆ: ಇಯಾನ್ ಮೆಕೈ ಅವರಿಂದ ಕಲಿಯಬಹುದಾದ ಎಂಟು ಸೂತ್ರಗಳು

ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯಲ್ಲಿ 1980ರಲ್ಲಿ ಹುಟ್ಟಿದ ಡಿಸ್ಕಾರ್ಡ್ ರೆಕಾರ್ಡ್ಸ್ ಎಂಬ ಸಂಗೀತ ಲೇಬಲ್‌ಗೆ, ಅಂದರೆ ರೆಕಾರ್ಡ್ ಹೊರತರುವ ಸಂಸ್ಥೆಗೆ, ಈಗ ನಾಲ್ಕು ದಶಕ ದಾಟಿದೆ. ಅದನ್ನು ಕಟ್ಟಿದ ಇಯಾನ್ ಮೆಕೈ ಮತ್ತು ಜೆಫ್ ನೆಲ್ಸನ್ ಆಗಷ್ಟೇ ಹೈಸ್ಕೂಲು ಮುಗಿಸಿದ್ದ ಹುಡುಗರು. ಹಾಡುಗಾರ, ಗಿಟಾರ್ ವಾದಕ, ಬೇರೆ ತಂಡಗಳ ಆಲ್ಬಮ್ ನಿರ್ಮಾಪಕ, ಲೇಬಲ್ ಮಾಲೀಕ ಎಲ್ಲವೂ ಆದ ಮೆಕೈ ದೊಡ್ಡ ಕಂಪನಿಗಳ ಹಂಗಿಗೆ ಬೀಳಲಿಲ್ಲ. ಖರ್ಚು ಚಿಕ್ಕದಾಗಿದ್ದವನಿಗೆ ಮಾತ್ರ ‘ಬೇಡ’ ಎನ್ನುವ ಧೈರ್ಯವಿರುತ್ತದೆ. ಅವರ ವೃತ್ತಿಜೀವನದಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದು ಇದನ್ನೇ.

1. ಕೈಯಲ್ಲಿ ಇರುವಷ್ಟರಲ್ಲೇ ಶುರು ಮಾಡಿ.
ಮೆಕೈ, ನೆಲ್ಸನ್ ಇಬ್ಬರೂ ಇದ್ದ ಟೀನ್ ಐಡಲ್ಸ್ ತಂಡ 1980ರ ಕೊನೆಗೆ ಒಡೆಯಿತು. ಕಾರ್ಯಕ್ರಮಗಳಿಂದ ಉಳಿಸಿದ್ದ ಸುಮಾರು 600 ಡಾಲರ್ ಗಂಟು ಹಾಗೇ ಇತ್ತು. ಅದನ್ನು ಹಂಚಿಕೊಂಡು ಮನೆಗೆ ಹೋಗುವ ಬದಲು ಎಂಟು ಹಾಡುಗಳ ಏಳಿಂಚಿನ ರೆಕಾರ್ಡ್ ಹೊರತಂದರು. ಒತ್ತಿಸಿದ್ದು 1,000 ಪ್ರತಿ. ಅದು ಮಾರಿ ಬಂದ ದುಡ್ಡು ಗೆಳೆಯರ ತಂಡಗಳ ರೆಕಾರ್ಡ್‌ಗಳಿಗೆ ಹೋಯಿತು. ಸಾಲವಿಲ್ಲ, ಹೂಡಿಕೆದಾರರಿಲ್ಲ.

2. ಬರದ ಕೆಲಸವನ್ನು ಬಿಚ್ಚಿ ನೋಡಿ ಕಲಿಯಿರಿ.
ರೆಕಾರ್ಡ್‌ನ ಕವರ್ ಮಾಡುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಇಂಗ್ಲೆಂಡಿನಿಂದ ಬಂದ ಒಂದು ಕವರ್‌ನ ಅಂಟು ಬಿಡಿಸಿ, ಹಾಳೆಯ ಮೇಲಿಟ್ಟು ಅದರ ಅಂಚು ಗೀಚಿಕೊಂಡರು. ಆಮೇಲೆ ಗೆಳೆಯರೆಲ್ಲ ಕೂತು ಸಾವಿರಾರು ಕವರ್‌ಗಳನ್ನು ಕತ್ತರಿಸಿ, ಮಡಿಸಿ, ಅಂಟಿಸಿದರು.

3. ಹೊಟ್ಟೆಪಾಡಿಗೆ ಬೇರೆ ಕೆಲಸ ಇರಲಿ.
ಮೊದಲ ವರ್ಷಗಳಲ್ಲಿ ಮೆಕೈ ಲೇಬಲ್‌ನಿಂದ ಸಂಬಳ ತೆಗೆದುಕೊಳ್ಳಲಿಲ್ಲ. ಐಸ್‌ಕ್ರೀಮ್ ಅಂಗಡಿಯಂಥ ಕಡೆ ದುಡಿಯುತ್ತಿದ್ದರು. ಲೇಬಲ್ಲೇ ಮುಂದಿನ ತಿಂಗಳ ಬಾಡಿಗೆ ಕಟ್ಟಬೇಕಾದರೆ ಮನಸ್ಸಿಗೆ ಒಪ್ಪದ ಹಾಡನ್ನೂ ಒಪ್ಪಬೇಕಾಗುತ್ತದೆ.

4. ನಿಮ್ಮ ಊರಿನ ಸದ್ದನ್ನೇ ಹಿಡಿಯಿರಿ.
ಡಿಸ್ಕಾರ್ಡ್ ವಾಷಿಂಗ್ಟನ್ ಸುತ್ತಮುತ್ತಲ ತಂಡಗಳಿಗೇ ಮೀಸಲು. ಹೊರಗೆ ಎಷ್ಟೇ ಒಳ್ಳೆಯ ತಂಡವಿದ್ದರೂ ಆ ಗೆರೆ ದಾಟುವುದಿಲ್ಲ. 1982ರ ‘ಫ್ಲೆಕ್ಸ್ ಯುವರ್ ಹೆಡ್’ ಸಂಕಲನದಲ್ಲಿ ಹಾಡಿದ್ದೆಲ್ಲ ಅದೇ ಊರಿನ ಹುಡುಗರು. ಮಾಲೀಕನಿಗೆ ಪ್ರತಿ ತಂಡವನ್ನೂ ವೇದಿಕೆಯ ಮುಂದೆ ನಿಂತು ಕೇಳಿದ ಅನುಭವವಿತ್ತು. ಕೇಳುಗನಿಗೂ ಈ ಲೇಬಲ್‌ನಲ್ಲಿ ಏನು ಸಿಗುತ್ತದೆಂದು ಗೊತ್ತಿತ್ತು. ಇದಕ್ಕಿಂತ ಒಳ್ಳೆಯ ಜಾಹೀರಾತು ನನಗೆ ಕಾಣುವುದಿಲ್ಲ.

5. ರೆಕಾರ್ಡ್ ಚೆನ್ನಾಗಿ ಮಾರಾಟವಾದಾಗಲೇ ಎಚ್ಚರ.
ಈ ಸೂತ್ರವನ್ನು ಎರಡು ಸಲ ಓದಿ. ಸಣ್ಣ ಲೇಬಲ್ ಸೋಲಿನಿಂದ ಮಾತ್ರವಲ್ಲ, ಗೆಲುವಿನಿಂದಲೂ ಮುಳುಗಬಹುದು. ರೆಕಾರ್ಡ್ ಒತ್ತುವ ಕಾರ್ಖಾನೆಗೆ ದುಡ್ಡು ಮೊದಲೇ ಕಟ್ಟಬೇಕು. ವಿತರಕರು ದುಡ್ಡು ಕೊಡುವುದು ತಿಂಗಳುಗಳ ನಂತರ, ಅದೂ ಕೊಟ್ಟರೆ. ಬೇಡಿಕೆ ಏರಿದಷ್ಟೂ ಈ ಕಂದಕ ಅಗಲವಾಗುತ್ತದೆ. ಮೆಕೈ ಅವರ ಮೈನರ್ ಥ್ರೆಟ್ ತಂಡದ ‘ಔಟ್ ಆಫ್ ಸ್ಟೆಪ್’ 1983ರಲ್ಲಿ ಬಂದಾಗ ಡಿಸ್ಕಾರ್ಡ್ ಇದೇ ಇಕ್ಕಟ್ಟಿಗೆ ಸಿಕ್ಕಿತು. ಜನ ಕೇಳುತ್ತಿದ್ದರು, ಮತ್ತೆ ಒತ್ತಿಸಲು ಕಾಸಿರಲಿಲ್ಲ. ಆಗ ಕೈ ಹಿಡಿದವರು ಲಂಡನ್ನಿನ ಸದರ್ನ್ ಸ್ಟುಡಿಯೋಸ್‌ನ ಜಾನ್ ಲೋಡರ್. ಒತ್ತಿಸುವ ಖರ್ಚನ್ನು ಅವರು ಮೊದಲು ಹಾಕಿ, ಮಾರಾಟದಿಂದ ಹಿಂದಕ್ಕೆ ಪಡೆಯುವ ಏರ್ಪಾಡಾಯಿತು. ಲೇಬಲ್ ಮಾತ್ರ ಡಿಸ್ಕಾರ್ಡ್‌ನವರ ಕೈಯಲ್ಲೇ ಉಳಿಯಿತು. ಹೊಸ ತಂಡಕ್ಕೆ ಮಾತು ಕೊಡುವ ಮೊದಲು, ಹಳೆಯ ರೆಕಾರ್ಡ್ ಮತ್ತೆ ಒತ್ತಿಸಲು ಬೇಕಾದ ದುಡ್ಡನ್ನು ಬೇರೆ ಎತ್ತಿಡಿ.

6. ನಂಬಿಕೆ ಇರಲಿ, ಲೆಕ್ಕದ ಪುಸ್ತಕ ಅದಕ್ಕಿಂತ ಮೊದಲು ಇರಲಿ.
ಡಿಸ್ಕಾರ್ಡ್ ತನ್ನ ತಂಡಗಳ ಜೊತೆ ಲಿಖಿತ ಕರಾರು ಮಾಡಿಕೊಳ್ಳಲಿಲ್ಲ. ಖರ್ಚು ಕಳೆದು ಉಳಿದದ್ದನ್ನು ಲೇಬಲ್ ಮತ್ತು ತಂಡ ಹಂಚಿಕೊಳ್ಳುತ್ತವೆ. ಇದನ್ನು ಹಾಗೇ ನಕಲು ಮಾಡಬೇಡಿ ಎಂದು ನಾನು ಹೇಳುತ್ತೇನೆ. ಅಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿದ್ದವರು. ಪರಿಚಯ ಅಷ್ಟಿಲ್ಲದ ಕಡೆ ಒಂದೇ ಪುಟವಾದರೂ ಸರಿ, ಬರೆದು ಸಹಿ ಹಾಕಿಸಿ.

7. ಸ್ಟುಡಿಯೋದಲ್ಲಿ ಹೆಸರಿಗಲ್ಲ, ಕಿವಿಗೆ ಬೆಲೆ ಕೊಡಿ.
ಡಿಸ್ಕಾರ್ಡ್‌ನ ಬಹುಪಾಲು ಸಂಗೀತ ಮುದ್ರಣವಾದದ್ದು ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ ಡಾನ್ ಝಿಯೆಂಟಾರ ತಮ್ಮ ಮನೆಯಲ್ಲೇ ಆರಂಭಿಸಿದ ಇನ್ನರ್ ಇಯರ್ ಸ್ಟುಡಿಯೋದಲ್ಲಿ. ರೈಟ್ಸ್ ಆಫ್ ಸ್ಪ್ರಿಂಗ್ ತಂಡದ 1985ರ ಆಲ್ಬಮ್‌ಗೆ ಮೆಕೈ ನಿರ್ಮಾಪಕರಾಗಿ ಕೂತದ್ದು ಅಲ್ಲೇ. ಅವರ ಫ್ಯುಗಾಜಿ ತಂಡ 1992ರಲ್ಲಿ ಶಿಕಾಗೋಗೆ ಹೋಗಿ, ಆ ಕಾಲದ ಬಹು ಗೌರವದ ಎಂಜಿನಿಯರ್ ಸ್ಟೀವ್ ಆಲ್ಬಿನಿ ಬಳಿ ಹೊಸ ಆಲ್ಬಮ್ ಮುದ್ರಿಸಿತು. ಮನೆಗೆ ಬಂದು ಕೇಳಿದಾಗ ಹಾಡುಗಳು ಕೂತಿಲ್ಲ ಎನಿಸಿತು. ಅದನ್ನು ಬದಿಗಿಟ್ಟು ಇನ್ನರ್ ಇಯರ್‌ನಲ್ಲಿ, ಟೆಡ್ ನೈಸ್ಲಿ ಅವರನ್ನು ನಿರ್ಮಾಪಕರಾಗಿಟ್ಟುಕೊಂಡು, ಪೂರ್ತಿ ಮತ್ತೆ ಹಾಡಿದರು. 1993ರ ‘ಇನ್ ಆನ್ ದ ಕಿಲ್ ಟೇಕರ್’ ಹೀಗೆ ಬಂತು. ಬಿಡುಗಡೆಯ ದಿನಾಂಕ ಗೊತ್ತುಮಾಡಿ ಕತ್ತಿನ ಮೇಲೆ ಕೂರುವ ಯಜಮಾನ ಇದ್ದಿದ್ದರೆ ಈ ನಿರ್ಧಾರ ಸುಲಭವಾಗುತ್ತಿರಲಿಲ್ಲ.

ಅಂಥ ಯಜಮಾನನನ್ನು ಅವರು ಬೇಡವೆಂದದ್ದೂ ಉಂಟು. ದೊಡ್ಡ ಕಂಪನಿಯಾದ ಅಟ್ಲಾಂಟಿಕ್ ರೆಕಾರ್ಡ್ಸ್‌ನ ಸ್ಥಾಪಕರಲ್ಲೊಬ್ಬರಾದ ಅಹ್ಮೆತ್ ಎರ್ಟೆಗುನ್ ಅದೇ ವರ್ಷ ಸ್ವತಃ ಬಂದು ಕರೆದರೂ ಫ್ಯುಗಾಜಿ ಡಿಸ್ಕಾರ್ಡ್ ಬಿಡಲಿಲ್ಲ. ಕಾರ್ಯಕ್ರಮದ ಟಿಕೆಟ್ 5 ಡಾಲರ್ ಆಸುಪಾಸಿನಲ್ಲೇ ಇಟ್ಟು, ಎಲ್ಲ ವಯಸ್ಸಿನವರನ್ನೂ ಒಳಗೆ ಬಿಟ್ಟು ಬೆಳೆಸಿಕೊಂಡ ಕೇಳುಗರು ಅವರಿಗಾಗಲೇ ಇದ್ದರು.

8. ಟೇಪುಗಳನ್ನು ಜೋಪಾನವಾಗಿಡಿ.
ಫ್ಯುಗಾಜಿ ತನ್ನ ಕಾರ್ಯಕ್ರಮಗಳನ್ನು ವರ್ಷಗಟ್ಟಲೆ ಧ್ವನಿಮುದ್ರಿಸಿಕೊಂಡು ಬಂತು. 2002ರ ನಂತರ ತಂಡ ವೇದಿಕೆ ಏರಿಲ್ಲ. ಆದರೆ 2011ರ ಡಿಸೆಂಬರಿನಲ್ಲಿ ಆ ಸಂಗ್ರಹವನ್ನು ಅಂತರ್ಜಾಲದಲ್ಲಿ ತೆರೆಯಲು ಶುರು ಮಾಡಿದರು. ಉಳಿದುಕೊಂಡಿದ್ದ ಮುದ್ರಣಗಳು 800ಕ್ಕೂ ಹೆಚ್ಚು. ಒಂದೊಂದಕ್ಕೆ ಸೂಚಿಸಿದ ಬೆಲೆ 5 ಡಾಲರ್. ಅಷ್ಟು ಆಗದವರು 1 ಡಾಲರ್ ಕೊಟ್ಟರೂ ಸರಿ. ಇವತ್ತು ನೀವು ಮುದ್ರಿಸುವ ಪ್ರತಿಯೊಂದಕ್ಕೂ ದಿನಾಂಕ, ಸ್ಥಳ, ನುಡಿಸಿದವರ ಹೆಸರು ಬರೆದು, ಎರಡು ಕಡೆ ಪ್ರತಿ ಇಡಿ.