ಲಿನಕ್ಸ್ ಗಣಕಯಂತ್ರದಲ್ಲಿ ಸಿ.ಡಿ. ಡ್ರೈವ್: ಅನುಮತಿಯ ತೊಡಕು ಮತ್ತು ಪರಿಹಾರ

ಮದುವೆಯ ಛಾಯಾಚಿತ್ರಗಳು, ಹಿರಿಯರ ಧ್ವನಿಮುದ್ರಣಗಳು, ಸಂಘಸಂಸ್ಥೆಗಳ ವಾರ್ಷಿಕೋತ್ಸವದ ದೃಶ್ಯಗಳು ಒಂದು ಕಾಲದಲ್ಲಿ ಸಿ.ಡಿ. ಮತ್ತು ಡಿ.ವಿ.ಡಿ.ಗಳಲ್ಲಿಯೇ ಸಂಗ್ರಹವಾಗುತ್ತಿದ್ದವು. ಅವು ಇಂದಿಗೂ ಅನೇಕ ಮನೆಗಳ ಕಪಾಟುಗಳಲ್ಲಿವೆ. ಮನೆಯಲ್ಲಿ ಬರೆದುಕೊಂಡ ಡಿಸ್ಕುಗಳ ವರ್ಣಪದರವು ಕಾಲಕ್ರಮೇಣ ಶಿಥಿಲವಾಗುವುದರಿಂದ, ಅವುಗಳಲ್ಲಿರುವುದನ್ನು ತಡಮಾಡದೆ ಗಣಕಯಂತ್ರಕ್ಕೆ ಪ್ರತಿ ಮಾಡಿಕೊಳ್ಳುವುದು ಲೇಸು. ಆದರೆ ಲಿನಕ್ಸ್ ಗಣಕದಲ್ಲಿ ಈ ಕಾರ್ಯಕ್ಕೆ ತೊಡಗಿದಾಗ ಕೆಲವೊಮ್ಮೆ ‘ಪರ್ಮಿಷನ್ ಡಿನೈಡ್’, ಅಂದರೆ ಅನುಮತಿ ಇಲ್ಲ, ಎಂಬ ಸೂಚನೆ ಕಾಣಿಸಿಕೊಳ್ಳುತ್ತದೆ. ಡಿಸ್ಕು ಕೆಟ್ಟಿದೆಯೆಂದು ತಿಳಿದು ಅದನ್ನು ಎಸೆದುಬಿಟ್ಟರೆ, ಮತ್ತೆ ದೊರೆಯದ ವಸ್ತುವೊಂದು ಕೈತಪ್ಪುತ್ತದೆ. ಈ ಸೂಚನೆ ಡಿಸ್ಕಿನ ದೋಷವನ್ನು ಹೇಳುವುದಿಲ್ಲ. ಬಳಕೆದಾರನ ಅಧಿಕಾರವನ್ನು ಕುರಿತು ಹೇಳುತ್ತದೆ.

ಸಾಧನವೂ ಒಂದು ಕಡತ

ಲೀನಸ್ ಟೋರ್ವಾಲ್ಡ್ಸ್ ಅವರು ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದಾಗ 1991ರಲ್ಲಿ ಲಿನಕ್ಸ್ ಅನ್ನು ಹೊರತಂದರು. ಅದು ಯುನಿಕ್ಸ್ ಪರಂಪರೆಯನ್ನು ಅನುಸರಿಸುತ್ತದೆ. ಆ ಪರಂಪರೆಯಲ್ಲಿ ಗಣಕಕ್ಕೆ ಜೋಡಿಸಿದ ಬಹುತೇಕ ಸಾಧನಗಳನ್ನು ಕಡತಗಳಂತೆಯೇ ಕಾಣಲಾಗುತ್ತದೆ. ಈ ಸಾಧನ-ಕಡತಗಳು ‘/ಡೆವ್’ ಎಂಬ ಕೋಶದಲ್ಲಿರುತ್ತವೆ. ಮೊದಲನೆಯ ಸಿ.ಡಿ. ಡ್ರೈವಿನ ಹೆಸರು ಸಾಮಾನ್ಯವಾಗಿ ‘/ಡೆವ್/ಎಸ್‌ಆರ್0’. ಕೊನೆಯದು ಸೊನ್ನೆಯೇ ಹೊರತು ‘ಓ’ ಅಕ್ಷರವಲ್ಲ. ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಕೊಟ್ಟಿರುವ ಆದೇಶಗಳನ್ನು ಗಣಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬೆರಳಚ್ಚು ಮಾಡಬೇಕು.

ದೋಷವನ್ನು ಗುರುತಿಸುವ ಬಗೆ

ಎಲ್ಲ ಅಡಚಣೆಗಳೂ ಅನುಮತಿಯ ಅಡಚಣೆಗಳಲ್ಲ. ಆದುದರಿಂದ ಸೂಚನೆಯನ್ನು ಪೂರ್ಣವಾಗಿ ಓದುವುದು ಅಗತ್ಯ.

1. ಸಾಧನ-ಕಡತವೇ ಇಲ್ಲವೆಂಬ ಸೂಚನೆ ಬಂದರೆ ಡ್ರೈವಿನ ಕೇಬಲ್ಲು, ವಿದ್ಯುತ್ ಸಂಪರ್ಕ ಮೊದಲಾದವನ್ನು ಪರೀಕ್ಷಿಸಬೇಕು.

2. ‘ನೋ ಮೀಡಿಯಮ್ ಫೌಂಡ್’ ಎಂದು ಬಂದರೆ ಡ್ರೈವಿನಲ್ಲಿ ಡಿಸ್ಕು ಇಲ್ಲ, ಅಥವಾ ಡ್ರೈವು ಅದನ್ನು ಗುರುತಿಸಲಾರದು.

3. ಡಿಸ್ಕಿನಲ್ಲಿರುವ ಕಡತವನ್ನು ತಿದ್ದಲಾಗದಿದ್ದರೆ ಅದು ದೋಷವಲ್ಲ. ಸಾಮಾನ್ಯ ದತ್ತಾಂಶ ಸಿ.ಡಿ.ಯನ್ನು ಓದುವುದಕ್ಕಾಗಿ ಮಾತ್ರ ತೆರೆಯಲಾಗುತ್ತದೆ.

4. ‘ಪರ್ಮಿಷನ್ ಡಿನೈಡ್’ ಎಂದೇ ಬಂದಲ್ಲಿ ಮುಂದಿನ ಕ್ರಮಗಳನ್ನು ಕೈಗೊಳ್ಳಬೇಕು.

ಅನುಮತಿಯನ್ನು ಓದುವ ಕ್ರಮ

‘ಎಲ್‌ಎಸ್ -ಎಲ್ /ಡೆವ್/ಎಸ್‌ಆರ್0’ ಎಂಬ ಆದೇಶ ಕೊಟ್ಟರೆ ಒಂದು ಸಾಲು ಮೂಡುತ್ತದೆ. ಅದರ ಮೊದಲ ಅಕ್ಷರ ‘ಬಿ’ ಎಂಬುದು ಇದು ಡಿಸ್ಕಿನಂತಹ ಸಾಧನವೆಂಬುದರ ಗುರುತು. ಅನಂತರದ ಒಂಬತ್ತು ಸ್ಥಾನಗಳು ಮೂರು ಮೂರರಂತೆ ಕ್ರಮವಾಗಿ ಒಡೆಯನ, ಗುಂಪಿನ ಮತ್ತು ಇತರರ ಹಕ್ಕುಗಳನ್ನು ತಿಳಿಸುತ್ತವೆ. ‘ಆರ್’ ಎಂದರೆ ಓದುವ ಹಕ್ಕು, ‘ಡಬ್ಲ್ಯು’ ಎಂದರೆ ಬರೆಯುವ ಹಕ್ಕು, ಅಡ್ಡಗೆರೆ ಎಂದರೆ ಹಕ್ಕಿಲ್ಲ. ಸಾಮಾನ್ಯವಾಗಿ ಒಡೆಯನು ‘ರೂಟ್’ ಎಂಬ ಮೇಲ್ವಿಚಾರಕ, ಗುಂಪು ‘ಸಿಡಿರಾಮ್’. ಇವರಿಬ್ಬರಿಗೂ ಓದುವ, ಬರೆಯುವ ಹಕ್ಕುಗಳಿದ್ದು, ಇತರರಿಗೆ ಯಾವ ಹಕ್ಕೂ ಇರುವುದಿಲ್ಲ. ಸಿ-ಡ್ಯಾಕ್ ಸಂಸ್ಥೆಯ ಚೆನ್ನೈ ಕೇಂದ್ರವು ಡೆಬಿಯನ್ ಆಧಾರದ ಮೇಲೆ ರೂಪಿಸಿ 2007ರಲ್ಲಿ ಬಿಡುಗಡೆ ಮಾಡಿದ ‘ಬಾಸ್’ ಲಿನಕ್ಸ್ ಮೊದಲಾದವುಗಳಲ್ಲಿ ಗುಂಪಿನ ಹೆಸರು ಹೀಗೆಯೇ ಇರುತ್ತದೆ. ಆರ್ಚ್ ಲಿನಕ್ಸಿನಲ್ಲಿ ಮಾತ್ರ ಅದು ‘ಆಪ್ಟಿಕಲ್’.

ಹಕ್ಕುಗಳ ಸಾಲಿನ ಕೊನೆಯಲ್ಲಿ ಕೂಡುವ ಚಿಹ್ನೆ (+) ಇದ್ದರೆ ಹೆಚ್ಚುವರಿ ಅನುಮತಿಯೂ ಉಂಟೆಂದು ತಿಳಿಯಬೇಕು. ಇಂದಿನ ಬಹುತೇಕ ಲಿನಕ್ಸ್ ಆವೃತ್ತಿಗಳು ಗಣಕದ ಮುಂದೆ ಕುಳಿತು ಪ್ರವೇಶಿಸಿದವರಿಗೆ ಡ್ರೈವನ್ನು ಬಳಸುವ ಹಕ್ಕನ್ನು ತಾವಾಗಿಯೇ ಕೊಡುತ್ತವೆ. ಜಾಲದ ಮೂಲಕ ದೂರದಿಂದ ಪ್ರವೇಶಿಸಿದವರಿಗೆ ಈ ಸೌಲಭ್ಯ ಸಿಗುವುದಿಲ್ಲ. ಮನೆಯಲ್ಲಿ ಸರಿಯಾಗಿದ್ದ ಡ್ರೈವು ದೂರದಿಂದ ಬಳಸಿದಾಗ ನಿರಾಕರಿಸುವುದಕ್ಕೆ ಅನೇಕ ವೇಳೆ ಇದೇ ಕಾರಣ.

ಪರಿಹಾರ

‘ಗ್ರೂಪ್ಸ್’ ಎಂಬ ಆದೇಶವು ಬಳಕೆದಾರನು ಯಾವ ಯಾವ ಗುಂಪುಗಳ ಸದಸ್ಯನೆಂಬುದನ್ನು ತೋರಿಸುತ್ತದೆ. ಅದರಲ್ಲಿ ‘ಸಿಡಿರಾಮ್’ ಇಲ್ಲದಿದ್ದರೆ ‘ಸುಡೊ ಯೂಸರ್‌ಮಾಡ್ -ಎಜಿ ಸಿಡಿರಾಮ್’ ಎಂದು ಬರೆದು, ಮುಂದೆ ಬಳಕೆದಾರನ ಹೆಸರನ್ನು ಸೇರಿಸಿ ಆದೇಶ ಕೊಡಬೇಕು. ಇಲ್ಲಿ ‘ಎ’ ಸಣ್ಣಕ್ಷರ, ‘ಜಿ’ ದೊಡ್ಡಕ್ಷರ. ‘ಎ’ ಬಿಟ್ಟುಹೋದರೆ ಬಳಕೆದಾರನು ತಾನಿರುವ ಇತರ ಹೆಚ್ಚುವರಿ ಗುಂಪುಗಳಿಂದ ಹೊರಬೀಳುತ್ತಾನೆ. ಆಡಳಿತದ ಅಧಿಕಾರವನ್ನೂ ಕಳೆದುಕೊಳ್ಳಬಹುದು. ಹೊಸ ಸದಸ್ಯತ್ವವು ಕೂಡಲೇ ಜಾರಿಗೆ ಬರುವುದಿಲ್ಲ. ಗಣಕದಿಂದ ಪೂರ್ಣವಾಗಿ ನಿರ್ಗಮಿಸಿ ಪುನಃ ಪ್ರವೇಶಿಸಿದ ಮೇಲೆ ‘ಗ್ರೂಪ್ಸ್’ ಆದೇಶದಿಂದ ಮತ್ತೊಮ್ಮೆ ಖಚಿತಪಡಿಸಿಕೊಳ್ಳಬೇಕು.

ಗುಂಪಿನ ಸದಸ್ಯತ್ವವು ಡ್ರೈವನ್ನು ನೇರವಾಗಿ ಓದುವ, ಬರೆಯುವ ಹಕ್ಕುಗಳನ್ನು ಮಾತ್ರ ನೀಡುತ್ತದೆ. ದತ್ತಾಂಶ ಡಿಸ್ಕನ್ನು ಕೋಶದಂತೆ ತೆರೆಯುವ ‘ಮೌಂಟ್’ ಆದೇಶಕ್ಕೆ ಸಾಮಾನ್ಯವಾಗಿ ಮೇಲ್ವಿಚಾರಕನ ಅಧಿಕಾರವೂ ಬೇಕು. ಹಾಡಿನ ಸಿ.ಡಿ.ಗಳಲ್ಲಿ ಕಡತಗಳ ವ್ಯವಸ್ಥೆಯೇ ಇಲ್ಲದಿರುವುದರಿಂದ ಅವುಗಳಿಗೆ ‘ಮೌಂಟ್’ ಅನ್ವಯಿಸದು. ಹಾಡುಗಳನ್ನು ಪ್ರತಿ ಮಾಡುವ ತಂತ್ರಾಂಶವನ್ನೇ ಬಳಸಬೇಕು.

ಮಾಡಬಾರದ ಕೆಲಸ

‘ಸಿಎಚ್‌ಮಾಡ್ 666’ ಎಂಬ ಆದೇಶದಿಂದ ಡ್ರೈವನ್ನು ಎಲ್ಲರಿಗೂ ತೆರೆದಿಡುವ ರೂಢಿ ಕೆಲವೆಡೆ ಇದೆ. ಇದರಿಂದ ಆ ಗಣಕವನ್ನು ಪ್ರವೇಶಿಸಬಲ್ಲ ಯಾರು ಬೇಕಾದರೂ ಡ್ರೈವಿನಲ್ಲಿರುವ ಡಿಸ್ಕನ್ನು ಓದಬಹುದು. ಮರುಬರಹದ ಡಿಸ್ಕಾದರೆ ಅಳಿಸಲೂಬಹುದು. ಮೇಲಾಗಿ ಗಣಕವು ಪ್ರತಿ ಸಲ ಚಾಲನೆಗೊಂಡಾಗ ‘/ಡೆವ್’ ಕೋಶ ಹೊಸದಾಗಿ ಸಿದ್ಧವಾಗುವುದರಿಂದ ಈ ಬದಲಾವಣೆ ಉಳಿಯುವುದೂ ಇಲ್ಲ. ಎಲ್ಲ ಕೆಲಸವನ್ನೂ ‘ರೂಟ್’ ಹೆಸರಿನಲ್ಲಿ ಮಾಡುವುದು ಇನ್ನೂ ಅಪಾಯಕರ; ಸಣ್ಣ ತಪ್ಪೊಂದು ಇಡೀ ವ್ಯವಸ್ಥೆಯನ್ನೇ ಕೆಡಿಸಬಹುದು.

ಮನೆಯ ಬೀಗ ತೆರೆಯದಿದ್ದರೆ ಬಾಗಿಲನ್ನೇ ಕಿತ್ತುಹಾಕುವುದು ವಿವೇಕವಲ್ಲ. ಸರಿಯಾದ ಕೀಲಿಕೈಯನ್ನು ಅರ್ಹರಿಗೆ ಕೊಡುವುದೇ ಕ್ರಮ. ಸೂಚನೆಯನ್ನು ಓದಿ, ಹಕ್ಕನ್ನು ಪರಿಶೀಲಿಸಿ, ಗುಂಪಿಗೆ ಸೇರಿಸಿ, ಮರುಪ್ರವೇಶ ಮಾಡಿದರೆ ಅನುಮತಿಯ ತೊಡಕು ಬಹುಮಟ್ಟಿಗೆ ಪರಿಹಾರವಾಗುತ್ತದೆ. ಇಷ್ಟನ್ನು ಮಾಡಿ ನೋಡದೆ ಯಾವ ಡಿಸ್ಕನ್ನೂ ಕೆಟ್ಟಿದೆಯೆಂದು ನಿರ್ಧರಿಸಬಾರದು.